ಚೀಲದ ಬೆನ್ನು ಓದುತ್ತಿದ್ದವಳು

ಇವತ್ತು ಐದಕ್ಕೆ ಎದ್ದೆ. ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಬಿಟ್ಟೆ. ಹಾಲು ಕಾಸಿದೆ. ನೆನೆಸಿದ್ದ ಹುರುಳಿಕಾಳನ್ನು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ. ಕೋಳಿ ಗುಂಡಿಗೆ ಬೇಯಿಸಿ ಕಿವುಚಿ, ಬೆಂದ ನೀರನ್ನೂ ಅದರ ಮೇಲೆ ಸುರಿದು, ಬೆಕ್ಕಿನ ಬಟ್ಟಲನ್ನು ಎಂದಿನ ಮೂಲೆಯಲ್ಲೇ ಇಟ್ಟೆ. ಮನೆಯವರಿಗೆ ಡಬ್ಬಿ ಕಟ್ಟಿದೆ. ಎದುರು ಮನೆಗೆ ಹೊಸದಾಗಿ ಬಂದಿರುವ ಹುಡುಗಿ ತನ್ನ ನಾಯಿಮರಿಗೆ ತಂದ ಪೊಟ್ಟಣ ಹಿಡಿದುಕೊಂಡು ಬಂದಳು, ಅದರ ಬೆನ್ನು ಓದಿ ಹೇಳಿದೆ. ಆಮೇಲೆ ಬಸ್ಸು ಹತ್ತಿ ತ್ಯಾಮಗೊಂಡ್ಲಿಗೆ ಹೋದೆ. ಅಕ್ಕನ ಹನ್ನೊಂದನೇ ದಿನದ ಊಟಕ್ಕೆ ಕೂತು, ಮೂರಕ್ಕೆಲ್ಲ ವಾಪಸು ಬಂದೆ. ಅವಳ ತಂಗಿ ಕೈಗೆ ಕೊಟ್ಟ ಗೋಣಿದಾರದ ಸರವನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿ, ಕೈಕಾಲು ತೊಳೆದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಈಗ ಇದನ್ನು ಬರೆಯಲು ಕೂತಿದ್ದೇನೆ.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ನೆಲಮಂಗಲದ ನಮ್ಮ ಗಲ್ಲಿಗೆಲ್ಲ ಅವಳು ಅಕ್ಕ. ನಮ್ಮ ಹೊಸ್ತಿಲಿಗೆ ಎದುರಾಗಿ, ಒಂದು ಕೋಣೆ ಒಂದು ಬಚ್ಚಲಿನ ಮನೆಯಲ್ಲಿ ಒಂಬತ್ತು ವರ್ಷ ಒಬ್ಬಳೇ ಬಾಡಿಗೆಗಿದ್ದಳು. ತುಮಕೂರು ರಸ್ತೆಯ ಪಕ್ಕದ ಒಂದು ಗೋಡೌನಿನಲ್ಲಿ ಅವಳ ಕೆಲಸ. ನಾಯಿ ಬೆಕ್ಕುಗಳ ಸಿದ್ಧ ಆಹಾರದ ಚೀಲಗಳು ಲಾರಿಯಲ್ಲಿ ಅಲ್ಲಿಗೆ ಬಂದು ಬೆಂಗಳೂರಿನ ಅಂಗಡಿಗಳಿಗೆ ಹೋಗುತ್ತಿದ್ದವು. ಇಳಿಸುವಾಗ ಹರಿದ ಚೀಲಗಳನ್ನು ಹೊಲಿಯುವುದು, ಹೊಲಿಯೋಕೆ ಬಾರದಷ್ಟು ಹರಿದಿದ್ದನ್ನು ಬೇರೆ ಮಾಡಿಡುವುದು ಅವಳ ಪಾಲಿನದು. ಹಾಗಾಗಿ ಅವಳ ತುರುಬಿನಲ್ಲಿ ಹೂವಿನ ಬದಲು ಗೋಣಿ ಹೊಲಿಯುವ ದಬ್ಬಳ ಇರುತ್ತಿತ್ತು. ಮದುವೆ ಮನೆಗೆ ಬಂದಾಗಲೂ ಇರುತ್ತಿತ್ತು. ಒಮ್ಮೆ ನಾನು ತೆಗೆದಿಡು ಅಂದಿದ್ದಕ್ಕೆ, ತೆಗೆದರೆ ತಲೆ ಹಗುರಾಗಿ ನಡೆಯೋಕಾಗಲ್ಲ ಅಂದಿದ್ದಳು.

ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಿದ್ದಳು, ಇಂಗ್ಲಿಷ್ ಸೊನ್ನೆ. ನಲವತ್ತು ದಾಟಿದ ಮೇಲೆ ಅವಳು ಇಂಗ್ಲಿಷ್ ಓದಲು ಕಲಿತಿದ್ದು ಚೀಲಗಳ ಬೆನ್ನಿನಿಂದ. ಯಾವ ಪುಸ್ತಕವೂ ಇಲ್ಲ, ಮೇಷ್ಟರೂ ಇಲ್ಲ. ಪೂರ್ತಿ ಕೆಟ್ಟ ಚೀಲದ ಹಿಂಭಾಗದಲ್ಲಿ, ಒಳಗೆ ಏನೇನು ಹಾಕಿದ್ದಾರೆಂದು ಬರೆದಿರುವ ಭಾಗವನ್ನು ಕತ್ತರಿಸಿಕೊಂಡು, ದಬ್ಬಳದಿಂದ ತೂತು ಮಾಡಿ, ಗೋಣಿದಾರಕ್ಕೆ ಪೋಣಿಸುವಳು. ದಿನಕ್ಕೊಂದು ಮಾತು. ಇವತ್ತಿನ ಮಾತನ್ನು ಲಾರಿ ಡ್ರೈವರಿಗೆ ತೋರಿಸುವಳು, ಅವನಿಗೆ ಗೊತ್ತಿಲ್ಲದಿದ್ದರೆ ಮೆಡಿಕಲ್ ಸ್ಟೋರಿನವನಿಗೆ, ಅವನಿಗೂ ಗೊತ್ತಿಲ್ಲದಿದ್ದರೆ ದನದ ಆಸ್ಪತ್ರೆಯ ಡಾಕ್ಟರಿಗೆ. ಗೊತ್ತಾದ ಮೇಲೆ ಆ ಮಾತಿನ ಪಕ್ಕ ಒಂದು ಚಿತ್ರ. ಮೀನು, ಕೋಳಿ, ಜೋಳದ ತೆನೆ, ಎಣ್ಣೆಯ ಬೊಟ್ಟು. ಡಾಕ್ಟರು ಮೊದಮೊದಲು ಅವಳನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದರಂತೆ. ಆಮೇಲೆ ಅವರೇ ಇವತ್ತೇನಮ್ಮ ಮಾತು ಅಂತ ಕೇಳುವಂತಾದರಂತೆ.

ನಮ್ಮ ಬೀದಿಯಲ್ಲಿ ನಾಯಿ ಸಾಕಿದವರು ನಾಲ್ಕೈದು ಮನೆ. ಸಂಜೆ ಅಕ್ಕ ಕಟ್ಟೆಯ ಮೇಲೆ ಕೂತಳೆಂದರೆ ಯಾರಾದರೂ ಒಂದು ಚೀಲ ತಂದು ಮುಂದಿಡುವರು. ಅವಳು ತುರುಬಿನಿಂದ ದಬ್ಬಳ ಕಿತ್ತು, ಅದರ ಮೊನೆಯನ್ನು ಅಕ್ಷರದ ಕೆಳಗೆ ಎಳೆಯುತ್ತ ಓದುವಳು. ಮೊದಲ ಪಾಠ ಎಲ್ಲರಿಗೂ ಒಂದೇ.

"ಮೊದಲು ಬರೆದಿರೋದು ಜಾಸ್ತಿ ಐತೆ, ಕೊನೇಲಿ ಬರೆದಿರೋದು ಚಿಟಿಕೆ. ಸಾರಿಗೆ ಏನ್ ಹಾಕ್ದೆ ಅಂದ್ರೆ ನೀನು ಬೇಳೆ ಮೊದಲು ಹೇಳ್ತೀಯೋ, ಇಂಗು ಮೊದಲು ಹೇಳ್ತೀಯೋ?"

ಅಷ್ಟು ಕಲಿತು ನಾನೂ ಜಾಣೆಯಾದೆ ಅಂದುಕೊಂಡಿದ್ದೆ. ಒಂದು ದಿನ ಪಕ್ಕದ ಮನೆಯವರ ಚೀಲ ನೋಡಿ, ಇದರಲ್ಲಿ ಕೋಳಿಯೇ ಮೊದಲಿದೆ, ಒಳ್ಳೇದು ಅಂದೆ. ಅಕ್ಕ ನಕ್ಕಳು. ಅದು ಹಸಿ ಕೋಳಿಯ ತೂಕ, ಅದರಲ್ಲಿ ಮುಕ್ಕಾಲು ಭಾಗದ ಹತ್ತಿರ ನೀರೇ ಇರುತ್ತದೆ, ಒಣಗಿಸಿದ ಮೇಲೆ ಎಲ್ಲಿ ಹೋಗಿ ಕೂರುತ್ತದೋ ನೋಡು ಅಂದಳು. ಒಣಗಿಸಿ ಪುಡಿ ಮಾಡಿದ ಕೋಳಿಗೆ ಚೀಲದ ಮೇಲೆ ಬೇರೆ ಹೆಸರು. ಅದು ಎರಡನೇ ಜಾಗದಲ್ಲಿದ್ದರೂ ತೂಕವಾದದ್ದೇ. ಹಸಿ ಅವರೆಕಾಳು ಒಂದು ಸೇರು, ಒಣ ಅವರೆಕಾಳು ಒಂದು ಸೇರು ಎರಡೂ ಒಂದೇನಾ ಅಂತ ಕೇಳಿದಾಗ ನನಗೆ ತಟ್ಟನೆ ಹೊಳೆಯಿತು. ಇನ್ನೊಂದು ಚೀಲದಲ್ಲಿ ಮೊದಲು ಮಾಂಸ, ಆಮೇಲೆ ಮೆಕ್ಕೆಜೋಳ, ಮೆಕ್ಕೆಜೋಳದ ಹಿಟ್ಟು, ಮೆಕ್ಕೆಜೋಳದ ಅಂಟು ಅಂತ ಬಿಡಿಬಿಡಿಯಾಗಿ ಬರೆದಿತ್ತು. ಒಬ್ಬನೇ ಮೂರು ಅಂಗಿ ಹಾಕ್ಕೊಂಡು ಮೂರು ಎಲೆ ಮುಂದೆ ಕೂತಿದ್ದಾನೆ, ಮೂರನ್ನೂ ಕೂಡಿಸು, ಆಗ ಯಾರು ಮೊದಲು ಹೇಳು ಅಂದಳು. ಹಾಗಂತ ಜೋಳವನ್ನು ಬೈದವಳಲ್ಲ. ಓಡಾಡುವ ನಾಯಿಗೆ ಜೋಳ, ಅಕ್ಕಿ ಬಲವನ್ನೇ ಕೊಡುತ್ತವೆ. ಎಷ್ಟಿದೆ ಅಂತ ತಿಳಿದು ಹಾಕಬೇಕು, ಅಷ್ಟೇ ಅವಳ ವಾದ.

ಮೂಲೆ ಮನೆಯ ಗಂಡಸು ಒಂದು ಚೀಲ ತಂದು, ಇದರಲ್ಲಿ ಬರೀ ಕಸ ಹಾಕಿದ್ದಾರೆ, ಬೈಪ್ರಾಡಕ್ಟ್ ಅಂತ ಅವರೇ ಬರೆದುಕೊಂಡಿದ್ದಾರೆ ಅಂತ ಕೂಗಾಡಿದ್ದ. ಅಕ್ಕ ಸಮಾಧಾನವಾಗಿ, ಮೊನ್ನೆ ಭಾನುವಾರ ನಿಮ್ಮನೇಲಿ ಏನು ಮಾಡಿದ್ರಿ ಗುರು ಅಂತ ಕೇಳಿದಳು. ಕೋಳಿ ಲಿವರು, ಗುಂಡಿಗೆ, ಕಂದನಕಾಯಿ ಫ್ರೈ ಅಂದ. ಅದೇ ಇದು, ನೀವು ತಿಂದರೆ ಫ್ರೈ, ನಾಯಿ ತಿಂದರೆ ಕಸವಾ ಅಂದಳು. ಲಿವರಿನಲ್ಲಿ ಕಣ್ಣಿಗೆ ಬೇಕಾದದ್ದು, ರಕ್ತಕ್ಕೆ ಬೇಕಾದದ್ದು ಎರಡೂ ಇರುತ್ತವೆ. ಯಾವ ಪ್ರಾಣಿಯದ್ದು ಅಂತ ಹೆಸರು ಬರೆಯದೆ ಬರೀ ಮಾಂಸದ ಪುಡಿ ಅಂತ ಬರೆದಿದ್ದರೆ ಮಾತ್ರ ಅನುಮಾನ ಪಡು ಅಂತ ಹೇಳಿ ಕಳಿಸಿದಳು. ಮೀನೆಣ್ಣೆ ಇದ್ದರೆ ಚರ್ಮಕ್ಕೆ, ಕೂದಲ ಹೊಳಪಿಗೆ ಒಳ್ಳೇದು. ಬೀಟ್ ಗೆಡ್ಡೆಯ ಚರಟ ಕಂಡರೆ ಗಾಬರಿ ಬೇಡ, ಅದು ಕರುಳಿನ ಪೊರಕೆ. ಇವೆಲ್ಲ ನಮ್ಮ ಬೀದಿಯ ಹೆಂಗಸರಿಗೆ ಬಾಯಿಪಾಠವಾಗಿದ್ದು ಹೀಗೆ.

ನನ್ನ ಕಣ್ಣಿಗೆ ಕಟ್ಟಿದಂತಿರುವುದು ಬೂದಿಯ ದಿನ. ಚೀಲದ ಮೇಲೆ ಬೂದಿ ಇಷ್ಟು ಅಂತ ಬರೆದಿದ್ದನ್ನು ಯಾರೋ ಓದಿ, ತೂಕ ಬರಲೆಂದು ಒಲೆ ಬೂದಿ ಬೆರೆಸುತ್ತಾರೆ ಅಂತ ಸುದ್ದಿ ಹಬ್ಬಿಸಿದ್ದರು. ಅಕ್ಕ ನಮ್ಮ ಮನೆಯ ಕಬ್ಬಿಣದ ಸೌಟು ಇಸಿದುಕೊಂಡು, ಒಂದು ಹಿಡಿ ನಾಯಿಕಾಳನ್ನು ಅದಕ್ಕೆ ಹಾಕಿ, ಬಚ್ಚಲ ಒಲೆಯ ಕೆಂಡದ ಮೇಲೆ ಹಿಡಿದು ಕೂತಳು. ಮೊದಲು ಹೊಗೆ, ಆಮೇಲೆ ಕೊಬ್ಬು ಹೊತ್ತಿಕೊಂಡು ಹಳದಿ ಉರಿ, ಆಮೇಲೆ ಕಪ್ಪು, ತುಂಬ ಹೊತ್ತಾದ ಮೇಲೆ ಸೌಟಿನ ತಳದಲ್ಲಿ ಚಿಟಿಕೆಯಷ್ಟು ಬೂದುಬಣ್ಣದ ಪುಡಿ. ಬೆಂಕಿಗೂ ತಿನ್ನೋಕಾಗದೆ ಉಳಿದಿದ್ದು ಇದು, ಮೂಳೆಯ ಸುಣ್ಣ, ಉಪ್ಪು. ಇದನ್ನ ಅಳೆದು ಬರೆದವ್ರೆ, ಯಾರೂ ಬೆರೆಸಿಲ್ಲ ಅಂದಳು. ಸುತ್ತ ನಿಂತಿದ್ದವರು ಒಬ್ಬೊಬ್ಬರೇ ಬಗ್ಗಿ ಬಗ್ಗಿ ಆ ಚಿಟಿಕೆಯನ್ನು ನೋಡಿ ಹೋದರು. ನಾನು ಸೌಟನ್ನು ತೊಳೆಯಲು ಆ ದಿನ ಮನಸ್ಸಾಗದೆ ಹಾಗೇ ಇಟ್ಟಿದ್ದೆ.

ಇಷ್ಟೆಲ್ಲ ಕಣ್ಣೆದುರಿಗೇ ನಡೆದರೂ ನಾನು ಮಾಡಿದ ತಪ್ಪನ್ನು ಈಗ ಬರೆಯಬೇಕು.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆದ ದಿನ ಆಸ್ಪತ್ರೆಯ ಕಾರಿಡಾರಿನಲ್ಲೇ ನಿಂತು ನಾನು ಮನೆದೇವರಿಗೆ ಹರಕೆ ಹೊತ್ತೆ. ಅತ್ತೆ ಮತ್ತೆ ತಮ್ಮ ಕಾಲ ಮೇಲೆ ನಿಲ್ಲಲಿ, ಎರಡು ವರ್ಷ ನಮ್ಮ ಹೊಸ್ತಿಲೊಳಗೆ ಮಾಂಸ ತರುವುದಿಲ್ಲ ಅಂತ. ಭಾನುವಾರ ತಪ್ಪದೆ ಬಾಡು ತಿನ್ನುವ ಮನೆ ನಮ್ಮದು, ಆದರೂ ಮನೆಯವರು ಒಂದು ಮಾತು ಎತ್ತಲಿಲ್ಲ. ಉಳಿದದ್ದು ಬೆಕ್ಕು. ಪುಟ್ಟಿ ಅಂತ ಅದರ ಹೆಸರು. ಅದರ ತಾಯಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ್ದರಿಂದ ಪುಟ್ಟಿಯನ್ನು ನಾವು ಹೊರಗೆ ಬಿಟ್ಟವರೇ ಅಲ್ಲ, ಇಲಿ ಹಿಡಿದು ತಿನ್ನುವ ದಾರಿಯೂ ಅದಕ್ಕಿರಲಿಲ್ಲ. ಅಲ್ಲಿಯವರೆಗೆ ನಮ್ಮ ತಟ್ಟೆಯ ಮೀನು ತಲೆ, ಕೋಳಿ ಚೂರು ತಿಂದು ಬೆಳೆದಿತ್ತು. ನಾನು ಅಂಗಡಿಗೆ ಹೋಗಿ ಹಸಿರು ಚುಕ್ಕೆಯ ಚೀಲ ಹುಡುಕಿದೆ. ನಾಯಿಯ ಚಿತ್ರದ, ಪೂರಾ ಸಸ್ಯಾಹಾರದ ಚೀಲ ಸಿಕ್ಕಿತು. ನಾಯಿಯಾದರೇನು ಬೆಕ್ಕಾದರೇನು, ಎರಡಕ್ಕೂ ನಾಲ್ಕು ಕಾಲು ಅಂದುಕೊಂಡೆ. ಆ ಕಾಳು, ಮೇಲೆ ಹಾಲನ್ನ. ಪುಟ್ಟಿ ಚೆನ್ನಾಗಿಯೇ ತಿನ್ನುತ್ತಿತ್ತು. ಬೆಕ್ಕೂ ನಮ್ಮ ಜೊತೆ ಹರಕೆ ನಡೆಸುತ್ತಿದೆ ಅಂತ ಬಂದವರ ಮುಂದೆಲ್ಲ ಹೇಳಿಕೊಂಡು ಬೀಗುತ್ತಿದ್ದೆ. ಅಕ್ಕನಿಗೆ ಚೀಲ ತೋರಿಸಲಿಲ್ಲ. ಹಸಿರು ಚುಕ್ಕೆ ಇದ್ದ ಮೇಲೆ ಓದುವುದೇನಿದೆ ಅನ್ನುವ ಧೈರ್ಯ.

ಒಂದೂವರೆ ವರ್ಷ ಕಳೆದಿತ್ತು. ಪುಟ್ಟಿ ಕಿಟಕಿಗೆ ಹಾರಲು ಹೋಗಿ ಎರಡು ಸಲ ಜಾರಿ ಬಿತ್ತು. ಹೊಸ್ತಿಲು ಎಡವಿತು. ಮಲಗಿದ್ದಲ್ಲೇ ಪಕ್ಕೆ ಬೇಗಬೇಗ ಏರಿಳಿಯುತ್ತಿತ್ತು. ಐದು ವರ್ಷದ ಬೆಕ್ಕಿಗೆ ಮುಪ್ಪು ಬಂತು ಅಂತ ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಮಜ್ಜಿಗೆಗೆಂದು ಬಂದವಳು ಪುಟ್ಟಿಯನ್ನು ನೋಡಿ ನಿಂತಳು. ಅದನ್ನು ಎತ್ತಿ ಬಾಗಿಲ ಬಿಸಿಲಿಗೆ ಹಿಡಿದಳು. ಬಿಸಿಲಿಗೆ ಸಣ್ಣಗಾಗಬೇಕಾದ ಕಣ್ಣಿನ ಕಪ್ಪು ದೊಡ್ಡ ಗೋಲಿಯ ಹಾಗೆ ಹಾಗೇ ಇತ್ತು. ಅಕ್ಕ ಮಜ್ಜಿಗೆ ಮರೆತು, ಏನು ಹಾಕ್ತಿದೀಯ ಅಂದಳು. ನಾನು ಚೀಲ ತಂದುಕೊಟ್ಟೆ. ದಬ್ಬಳ ಹಿಡಿದು ಮೇಲಿಂದ ಕೆಳಗೆ ಓದಿದಳು. ಮತ್ತೆ ಮೇಲಿಂದ ಕೆಳಗೆ ಓದಿದಳು. ಮನೆಗೆ ಹೋಗಿ ತನ್ನ ಸರ ತಂದಳು. ಅದರಲ್ಲಿ ಬೆಕ್ಕಿನ ಆಹಾರದ ತುಂಡುಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನೆಲದ ಮೇಲೆ ಸಾಲಾಗಿ ಇಟ್ಟು, ನನ್ನ ಚೀಲವನ್ನು ಪಕ್ಕದಲ್ಲಿಟ್ಟಳು. ಎಲ್ಲ ತುಂಡುಗಳಲ್ಲೂ ಕೊನೆಯ ಸಾಲಿನ ಹತ್ತಿರ ಒಂದೇ ಮಾತಿನ ಪಕ್ಕ ಅವಳು ಬರೆದಿದ್ದ ಚಿತ್ರವಿತ್ತು. ಎರಡು ಕಣ್ಣು, ಒಂದು ಎದೆ.

"ಟಾರಿನ್ ಅಂತಾರೆ ಇದಕ್ಕೆ. ಮಾಂಸದಲ್ಲಿ, ಮೀನಲ್ಲಿ ಇರ್ತದೆ. ನಾಯಿ ಬೇರೆ ಏನಾದರೂ ತಿಂದು ಇದನ್ನ ತನ್ನ ಮೈಯೊಳಗೇ ಮಾಡ್ಕೊಳ್ತದೆ. ಬೆಕ್ಕಿಗೆ ಆ ವಿದ್ಯೆ ಬರಲ್ಲ ಕಣವ್ವ, ಅದಕ್ಕೆ ಬಾಯಿಂದಲೇ ಹೋಗ್ಬೇಕು. ಇವೆಲ್ಲದರಲ್ಲೂ ಐತೆ. ನಿನ್ನ ಚೀಲದಲ್ಲಿ ಇಲ್ಲ."

ಇದ್ದದ್ದನ್ನು ಓದುವುದನ್ನು ನಾನೂ ಅಷ್ಟಿಷ್ಟು ಕಲಿತಿದ್ದೆ. ಇಲ್ಲದ್ದನ್ನು ಅವಳು ಹುಡುಕಿದ ಬಗೆಯನ್ನು ನೆನೆದರೆ ಇವತ್ತಿಗೂ ನನ್ನ ಕೈಯ ಕೂದಲು ನಿಲ್ಲುತ್ತದೆ.

ಮಾರನೇ ದಿನ ಪುಟ್ಟಿಯನ್ನು ತರಕಾರಿ ಬುಟ್ಟಿಯಲ್ಲಿಟ್ಟು, ಮೇಲೆ ಟವೆಲ್ ಮುಚ್ಚಿ, ಇಬ್ಬರೂ ದನದ ಆಸ್ಪತ್ರೆಗೆ ಹೋದೆವು. ಅಕ್ಕ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು. ಬೆಂಚಿನ ಮೇಲೆ ಸರದಿಗೆ ಕಾಯುವಾಗ, ಎಂದೂ ನಾಯಿ ಬೆಕ್ಕು ಸಾಕದ ನೀನು ಇದನ್ನೆಲ್ಲ ಯಾಕೆ ಕಲಿತೆ ಅಂತ ಕೇಳಿದೆ. ಒಂದೇ ಒಂದು ಸಲ, ಅಲ್ಲಿ ಹೇಳಿದಳು. ಊರಲ್ಲಿದ್ದಾಗ ಅವಳ ಹತ್ತಿರ ಒಂದು ಹಸು, ಅದರದ್ದೊಂದು ಕರು. ಹಸುವಿಗೆ ತಂದ ತಿಂಡಿಯನ್ನೇ ಪ್ರೀತಿಗೆ ಕರುವಿಗೂ ಎರಡು ಬೊಗಸೆ ಹಾಕಿದ್ದಳು. ಅದರಲ್ಲಿ ಯೂರಿಯಾ ಸೇರಿತ್ತು. ದೊಡ್ಡ ದನ ತಡೆದುಕೊಳ್ಳುತ್ತದೆ, ಕರು ತಡೆಯಲಿಲ್ಲ. ಸಂಜೆಯೊಳಗೆ ಹೋಯಿತು.

"ಕರುವಿಗೆ ಹಾಕಬೇಡಿ ಅಂತ ಚೀಲದ ಮೇಲೆ ಇಂಗ್ಲಿಷಲ್ಲಿ ದಪ್ಪಗೆ ಬರೆದಿತ್ತಂತೆ. ಆ ಚೀಲದ ಮೇಲೇ ಕೂತ್ಕೊಂಡು ನಾನು ಅತ್ತಿದ್ದು," ಅಂದಳು. ಆಮೇಲೆ ಟವೆಲ್ಲಿನೊಳಗೆ ಕೈ ಹಾಕಿ ಪುಟ್ಟಿಯ ಉಸಿರನ್ನು ಎಣಿಸುತ್ತ ಕೂತಳು.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು. ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಹೃದಯ ಸೋತಿದೆ, ಕಣ್ಣಿನ ಹಿಂದಿನ ಪರದೆಯೂ ಹಾಳಾಗಿದೆ ಅಂದರು. ಏನು ತಿನ್ನಿಸಿದ್ದೀರಿ ಅಂತ ನನ್ನನ್ನು ಕೇಳುವ ಮೊದಲೇ ಅಕ್ಕ ಸೀರೆ ಸೆರಗಿನಿಂದ ಚೀಲದ ಬೆನ್ನನ್ನು ತೆಗೆದು ಮೇಜಿನ ಮೇಲಿಟ್ಟಳು. ಅವರು ಓದಿ, ಕನ್ನಡಕ ತೆಗೆದು, ಇದನ್ನು ನಾನು ಪರೀಕ್ಷೆ ಮಾಡಿ ಕಂಡುಹಿಡಿಯೋಕೆ ಮುಂಚೆ ನೀವು ಮನೆಯಲ್ಲೇ ಕಂಡುಹಿಡಿದಿದ್ದೀರಿ ಅಂದರು. ಔಷಧಿ ಬರೆದುಕೊಟ್ಟರು. ಮಾಂಸ, ಮೀನು ಇಂದಿನಿಂದಲೇ ಶುರುವಾಗಬೇಕು, ಎದೆ ಚೇತರಿಸಿಕೊಳ್ಳಬಹುದು, ಹೋದ ಕಣ್ಣು ಬರುವ ಆಸೆ ಬೇಡ, ತಡಮಾಡಿದರೆ ಜೀವವೂ ಉಳಿಯುವುದಿಲ್ಲ ಅಂದರು.

ವಾಪಸು ಬರುವಾಗ ದಾರಿಯುದ್ದಕ್ಕೂ ತಿಂಗಳು ಎಣಿಸಿದೆ. ಹರಕೆಗೆ ಇನ್ನೂ ಐದು ತಿಂಗಳಿತ್ತು. ಅತ್ತೆ ಇನ್ನೂ ವಾಕರ್ ಬಿಟ್ಟಿರಲಿಲ್ಲ. ಹೊಸ್ತಿಲೊಳಗೆ ಮೀನು ತಂದು ನಾಳೆ ಅತ್ತೆ ಮತ್ತೆ ಬಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳುವುದು ಹೇಗೆ? ತರದೆ ಬೆಕ್ಕು ಸತ್ತರೆ ಅದೂ ನನ್ನ ಕೈಯಿಂದಲೇ. ಬೀದಿಯ ನಡುವೆ ನಿಂತು ಇದನ್ನೆಲ್ಲ ಅಕ್ಕನ ಮುಂದೆ ಸುರಿದೆ. ಹರಕೆ ಮುರಿ ಅಂತ ಅವಳು ಹೇಳುತ್ತಾಳೆ ಅಂದುಕೊಂಡಿದ್ದೆ. ಹೇಳಲಿಲ್ಲ.

"ಹರಕೆ ನಿನ್ನದು, ನಡೆಸು. ನಿನ್ನ ಹೊಸ್ತಿಲಿಂದ ನನ್ನ ಹೊಸ್ತಿಲಿಗೆ ಎಂಟು ಹೆಜ್ಜೆ. ಬೆಕ್ಕು ನನ್ನ ಮನೇಲಿ ಉಣ್ಣಲಿ, ನಿನ್ನ ಮನೇಲಿ ಮಲಗಲಿ."

ಅವತ್ತಿನಿಂದ ಗೋಡೌನಿಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ, ಅಕ್ಕ ತನ್ನ ಒಲೆಯ ಮೇಲೆ ಕೋಳಿ ಗುಂಡಿಗೆಯನ್ನೋ ಮೀನನ್ನೋ ಬೇಯಿಸುವಳು. ನಾನು ಪುಟ್ಟಿಯನ್ನು ಎತ್ತಿಕೊಂಡು ಹೋಗುವೆ. ಮೊದಲ ದಿನ ನಾನು ಬೆಂದ ನೀರನ್ನು ಚೆಲ್ಲಲು ಹೋದಾಗ ಅವಳು ಕೈ ಹಿಡಿದಳು. ಈ ಸತ್ವ ನೀರಿಗೆ ಇಳಿದುಬಿಡ್ತದೆ, ಕಾಳು ಬಸಿದ ಕಟ್ಟಿನಲ್ಲಿ ತಾನೇ ನೀನು ಬಸ್ಸಾರು ಮಾಡೋದು, ಅದನ್ನ ಚೆಲ್ತೀಯಾ ಅಂದಳು. ಮೂವತ್ತು ವರ್ಷ ಬಸ್ಸಾರು ಮಾಡಿದವಳಿಗೆ ಇದನ್ನು ಇನ್ನೊಬ್ಬರು ಹೇಳಬೇಕಾಯಿತು.

ಅತ್ತೆಗೆ ಇದು ಸರಿಬರಲಿಲ್ಲ. ನನ್ನ ಕಾಲಿನ ಹರಕೆಗೆ ಬೆಕ್ಕಿನಿಂದ ಮೈಲಿಗೆ ತರ್ತಾಳೆ ಅಂತ ಎರಡು ದಿನ ಗೋಡೆ ಕಡೆ ತಿರುಗಿ ಮಲಗಿದರು. ಅಕ್ಕ ಬಂದು ಅವರ ಮಂಚದ ಪಕ್ಕ ಕೂತಳು. ಪುಟ್ಟಿಯನ್ನು ಅವರ ಹೊಟ್ಟೆಯ ಮೇಲೆ ಬಿಟ್ಟು, ಅವರ ಅಂಗೈಯನ್ನು ಅದರ ಪಕ್ಕೆಯ ಮೇಲೆ ಒತ್ತಿ ಹಿಡಿದು, ನೋಡಮ್ಮ ಎದೆ ಹೆಂಗೆ ಓಡ್ತದೆ, ನೀನು ಬಿದ್ದ ದಿನ ನಿನ್ನ ಸೊಸೆಯದ್ದೂ ಹಿಂಗೇ ಓಡ್ತಿತ್ತು ಅಂದಳು. ಅಷ್ಟೇ ಹೇಳಿ ಎದ್ದು ಹೋದಳು. ಅತ್ತೆ ಕೈ ತೆಗೆಯಲಿಲ್ಲ.

ಮೂರನೇ ದಿನ ರೇಷನ್ ಅಂಗಡಿಯಿಂದ ಬಂದೆ. ಮಂಚ ಖಾಲಿ. ವಾಕರ್ ಇಲ್ಲ.  ಹೊರಗೆ ಓಡಿ ನೋಡಿದರೆ, ಎದುರು ಮನೆಯ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದಾರೆ. ವಾಕರಿಗೆ ನೇತುಹಾಕಿದ್ದ ರೇಷನ್ ಬ್ಯಾಗಿನಲ್ಲಿ ಬೆಕ್ಕನ್ನು ತುಂಬಿಕೊಂಡು ಹೋಗಿದ್ದಾರೆ. ಮುರಿದ ಸೊಂಟದಲ್ಲಿ ಒಂದೂವರೆ ವರ್ಷದಿಂದ ನಮ್ಮ ಹೊಸ್ತಿಲು ದಾಟದವರು. ಪುಟ್ಟಿ ಬಟ್ಟಲು ಕಾಣದೆ ಮೂತಿ ಆಚೀಚೆ ಆಡಿಸುತ್ತಿದ್ದರೆ, ಮೀನಿನ ಮುಳ್ಳು ಬಿಡಿಸಿ ಬೆರಳ ತುದಿಯಿಂದ ಅದರ ಬಾಯಿಗೆ ಇಡುತ್ತ, ಬೇಗ ತಿನ್ನು ಮುಂಡೇದೆ, ನಿನ್ನ ದೆಸೆಯಿಂದ ನಾನು ಬೀದಿಗೆ ಬಂದೆ ಅಂತ ಬೈಯುತ್ತಿದ್ದರು. ಅಕ್ಕ ಒಳಗೆ ಒಲೆಯ ಮುಂದೆ ನಿಂತು, ನನ್ನನ್ನು ಕಂಡು, ಮಾತಾಡಬೇಡ ಅಂತ ಕೈಸನ್ನೆ ಮಾಡಿದಳು.

ಒಂದು ತಿಂಗಳಿಗೆಲ್ಲ ಪುಟ್ಟಿಯ ಉಸಿರು ನಿಧಾನವಾಯಿತು. ಮೂರನೇ ತಿಂಗಳಿಗೆ ಡಾಕ್ಟರು ಎದೆ ಗಟ್ಟಿಯಾಗಿದೆ ಅಂದರು. ಕಣ್ಣು ಬರಲಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಇವತ್ತಿಗೂ ಮಂಚ, ಕುರ್ಚಿ, ಬಟ್ಟಲು ಯಾವುದೂ ಜಾಗ ಬದಲಿಸುವುದಿಲ್ಲ. ಹರಕೆ ಎರಡು ವರ್ಷ ಪೂರ್ತಿ ನಡೆಯಿತು. ಬೆಕ್ಕಿಗೆ ಏನಾಗಿತ್ತು ಅಂತ ಬೀದಿಯವರು ಕೇಳಿದಾಗಲೆಲ್ಲ ಅಕ್ಕ, ಅದಕ್ಕೊಂದು ಸತ್ವ ಕಮ್ಮಿಯಾಗಿತ್ತು ಅನ್ನುತ್ತಿದ್ದಳೇ ಹೊರತು, ಯಾರ ಕೈಯಿಂದ ಕಮ್ಮಿಯಾಯಿತು ಅಂತ ಒಬ್ಬರ ಮುಂದೂ ಹೇಳಲಿಲ್ಲ.

ಗೋಡೌನು ದೂರಕ್ಕೆ ಹೋದ ಮೇಲೆ ಅವಳು ಮನೆ ಖಾಲಿ ಮಾಡಿ ತ್ಯಾಮಗೊಂಡ್ಲಿನ ತಂಗಿಯ ಮನೆ ಸೇರಿದಳು. ಆಗಾಗ ಫೋನಿನಲ್ಲಿ ಪುಟ್ಟಿಯ ಉಸಿರು ವಿಚಾರಿಸುವಳು. ಹತ್ತು ದಿನದ ಹಿಂದೆ ಅವಳ ತಂಗಿಯೇ ಫೋನ್ ಮಾಡಿದ್ದು. ರಾತ್ರಿ ಮಲಗಿದವಳು ಬೆಳಗ್ಗೆ ಏಳಲಿಲ್ಲವಂತೆ. ಇವತ್ತು ಊಟವಾದ ಮೇಲೆ ತಂಗಿ ನನ್ನನ್ನು ಒಳಗೆ ಕರೆದು, ಇದು ನಿಮಗೇ ಸೇರಬೇಕು ಅಂತ ಮೊದಲೇ ಹೇಳಿಟ್ಟಿದ್ದಳು ಅಂದು ಸರವನ್ನು ಕೈಗಿಟ್ಟಳು. ದಬ್ಬಳವನ್ನು ಮಾತ್ರ ಅವಳ ತುರುಬಿನಲ್ಲೇ ಬಿಟ್ಟು ಮಣ್ಣು ಮಾಡಿದರಂತೆ.

ಬಸ್ಸಿನಲ್ಲಿ ಒಂದೊಂದೇ ತುಂಡು ತಿರುವಿ ನೋಡುತ್ತ ಬಂದೆ. ಕೊನೆಯದು ನನ್ನ ಹಸಿರು ಚುಕ್ಕೆಯ ಚೀಲದ ಬೆನ್ನು. ಅದರಲ್ಲಿ ಮಾತುಗಳ ಪಕ್ಕ ಚಿತ್ರಗಳಿದ್ದವು, ಸೋಯಾ, ಅಕ್ಕಿ, ಜೋಳ. ಎಲ್ಲ ಮಾತು ಮುಗಿದ ಮೇಲೆ, ಏನೂ ಬರೆಯದ ಖಾಲಿ ಜಾಗದಲ್ಲಿ ಒಂದು ಮೆಟ್ಟಿಲು, ಮೆಟ್ಟಿಲ ಮೇಲೆ ಒಬ್ಬ ಮುದುಕಿ, ಮಡಿಲಲ್ಲಿ ಬೆಕ್ಕು, ಪಕ್ಕದಲ್ಲಿ ವಾಕರ್.

ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ನನ್ನ ಮೂಗು ಇಷ್ಟು ಉದ್ದ ಇಲ್ಲ ಅಂದರು. ಆಮೇಲೆ ಕೋಲು ಊರಿಕೊಂಡು ಹೋಗಿ, ತಾವೇ ಅದನ್ನು ಮೊಳೆಯ ಮೇಲೆ ಎಲ್ಲಕ್ಕಿಂತ ಮುಂದೆ ಕಾಣುವಂತೆ ತಿರುಗಿಸಿ ಬಂದರು.

ರಾತ್ರಿಗೆ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಕಾಳಿಗೆ ಒಗ್ಗರಣೆ. ಪುಟ್ಟಿಗೆ ಬೆಳಗಿನ ಗುಂಡಿಗೆಯ ಉಳಿದರ್ಧ, ಅದರ ನೀರಿನ ಜೊತೆ. ತಿಂದು ಮುಗಿಸಿ, ಮೀಸೆಯಿಂದ ಗೋಡೆ ಸವರಿಕೊಂಡು ಅತ್ತೆಯ ಮಂಚಕ್ಕೆ ಹೋಯಿತು, ಮೊದಲು ಮಲಗಿದ್ದು ಅದೇ. ಅತ್ತೆ ಅದರ ಪಕ್ಕೆಯ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಎಚ್ಚರವಾಗಿದ್ದರು.